ಬಾಗಿಲಿನಾಚೆಯ ಮೇಷ್ಟ್ರು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂಬ ದೂರುಗಳಿಗೆ 'ಪರಿಶೀಲಿಸಲಾಗುವುದು' ಎಂದು ಉತ್ತರ ಬರೆದು ನಿವೃತ್ತರಾದವರು. ಆದರೆ ರಜೆಯ ದಿನಗಳಲ್ಲಿ, ಹೊಟ್ಟೆನೋವು ಎಂದು ಸುಳ್ಳು ಹೇಳಿ ಕಚೇರಿ ತಪ್ಪಿಸಿಕೊಂಡ ದಿನಗಳಲ್ಲಿ ಅವರು ಸಾಯುತ್ತಿದ್ದರು. ಹೊರಗಿನ ಸಿನಿಮಾಗಳನ್ನು ನಮ್ಮ ಮಾತಿಗೆ ಇಳಿಸುವಾಗ, ಖಳನಾಯಕನ ಹಿಂದೆ ನಿಂತು ಗುಂಡು ತಿಂದು ಬೀಳುವವರಿಗೆಲ್ಲ ಅವರದೇ ದನಿ. "ನಾನೂರು ಸಲ ಸತ್ತಿದೀನಿ ಕಣಯ್ಯ, ಒಂದ್ಸಲಾನೂ ಯಾರೂ ಹಾರ ತರಲಿಲ್ಲ" ಎಂದು ನಗುತ್ತಿದ್ದರು.

ಆ ಸಾವುಗಳನ್ನೆಲ್ಲ ರೆಕಾರ್ಡ್ ಮಾಡಿದವನು ನಾನು. ಟಯರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ನಮ್ಮ ಡಬ್ಬಿಂಗ್ ಸ್ಟುಡಿಯೋ. ಎರಡು ಕೋಣೆ, ನಡುವೆ ದಪ್ಪ ಗಾಜು. ಗಾಜಿನ ಈಚೆ ನಾನು ಮತ್ತು ನನ್ನ ಯಂತ್ರಗಳು. ಆಚೆ ಮೈಕು, ಚಿತ್ರ ಓಡುವ ಒಂದು ಪರದೆ, ಕಾಗದ ಇಡುವ ಸ್ಟ್ಯಾಂಡು, ಒಂದು ಎತ್ತರದ ಸ್ಟೂಲು. ಮೇಲೆ ಯಾರಾದರೂ ಟಯರ್ ಉರುಳಿಸಿದರೆ ಕೆಳಗೆ ಒಂದು ಟೇಕ್ ಹಾಳು. ಇಪ್ಪತ್ತೈದು ವರ್ಷದಿಂದ ನಾನು ಆ ಅಂಗಡಿಯವನಿಗೆ ಬೈಯುತ್ತಿದ್ದೇನೆ, ಇಪ್ಪತ್ತೈದು ವರ್ಷದಿಂದ ಅವನು ಉರುಳಿಸುತ್ತಿದ್ದಾನೆ. ಇಂಥ ಸಣ್ಣ ಸದ್ದಿಗೂ ಹಾರಿಬೀಳುವವನೆಂದು ಮೇಷ್ಟ್ರು ನನಗೆ 'ಕಿವಿಯಪ್ಪ' ಎಂದು ಹೆಸರಿಟ್ಟರು. ನನ್ನ ಹೆಂಡತಿ ಕೂಡ ಈಗ ಹಾಗೇ ಕರೆಯುತ್ತಾಳೆ.

ಅವರಿಗೆ 'ಮೇಷ್ಟ್ರು' ಎಂಬ ಹೆಸರು ಬಂದದ್ದು ಗುಬ್ಬಿಯಿಂದ. ಗುಬ್ಬಿ ನಮ್ಮಲ್ಲಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ, ಕಳೆದುಹೋದ ಮಕ್ಕಳ ಅಪ್ಪ ಅಮ್ಮಂದಿರನ್ನು ಮೈಕಿನಲ್ಲಿ ಕೂಗಿ ಕರೆಯುವುದು ಅವಳ ಕೆಲಸವಾಗಿತ್ತು. ಮೇಷ್ಟ್ರು ಅಂಗಿ ಕೊಳ್ಳಲು ಹೋದವರು ಅಂಗಿ ಬಿಟ್ಟು ಅವಳನ್ನು ಕರೆದುಕೊಂಡು ಬಂದರು. ಕುಳ್ಳಗೆ, ಸಣ್ಣಗೆ, ನಿಂತಲ್ಲಿ ನಿಲ್ಲದ ಹುಡುಗಿ. ಅವಳ ಗಂಟಲಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕೂತಿದ್ದ. ಹಟಮಾರಿ, ಪೋಕರಿ, ಅತ್ತರೆ ನಮ್ಮ ಕರುಳು ಹಿಂಡುವಂಥವನು. ಅವನನ್ನು ಹೊರಗೆ ತರಲು ಮೇಷ್ಟ್ರಿಗೆ ಎರಡು ವರ್ಷ ಬೇಕಾಯಿತು. ಒಂದೇ 'ಬಾ'ವನ್ನು ನಲವತ್ತು ಥರ ಹೇಳಿಸುತ್ತಿದ್ದರು. ಹೊಗಳಿದ್ದು ನನಗೆ ನೆನಪಿಲ್ಲ. ತೀರ ಚೆನ್ನಾಗಿ ಬಂದರೆ "ಪರವಾಗಿಲ್ಲ" ಎನ್ನುತ್ತಿದ್ದರು, ಅವಳು ಅವತ್ತೆಲ್ಲ ಹಾರಾಡುತ್ತಿದ್ದಳು. ಅವರ ಮನೆಯಲ್ಲೇ ಊಟ, ಅವರ ಹೆಂಡತಿ ಹೊಲಿದುಕೊಟ್ಟದ್ದೇ ಬಟ್ಟೆ. ಮಕ್ಕಳಿಲ್ಲದ ಮನೆ ಅದು. ಹೆಂಡತಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದರು, ನಡುಮನೆ ತುಂಬ ನೀಲಿ ಬಟ್ಟೆಯ ಚೂರುಗಳು.

ಅವಳು ಬಂದು ಇಪ್ಪತ್ತು ವರ್ಷವಾದ ಮೇಲೆ ಆ ನಿಂಜಾ ಧಾರಾವಾಹಿ ಬಂತು. ಗೊಂಬೆಚಿತ್ರ, ನೂರು ಕಂತು. ಬೆಟ್ಟದ ಮೇಲೊಂದು ನಿಂಜಾಗಳ, ಅಂದರೆ ಜಪಾನಿನ ಗುಪ್ತ ಯೋಧರ ಗುರುಕುಲ. ಅಲ್ಲಿ ಯಾರೂ ಜೊತೆಗೆ ಕೂತು ಉಣ್ಣದ, ಯಾರೂ ಆಟಕ್ಕೆ ಕರೆಯದ ಒಬ್ಬ ಹುಡುಗ. ಮುಖಕ್ಕೆ ಬೂದು ಬಟ್ಟೆ ಕಟ್ಟಿಕೊಂಡ ಒಬ್ಬ ಗುರು ಅವನನ್ನು ಕೈಹಿಡಿದು ತನ್ನ ಗುಡಿಸಲಿಗೆ ಕರೆದುಕೊಂಡು ಹೋಗುತ್ತಾನೆ. ಗುರು ಮೇಷ್ಟ್ರು, ಹುಡುಗ ಗುಬ್ಬಿ. ಒಂದೇ ಮೈಕಿನ ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಹೇಳುತ್ತಿದ್ದರು. ನಾನೂರು ಸಲ ಸತ್ತ ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಮೊದಲ ಬಾರಿ ಬದುಕಿರುವ ಪಾತ್ರ ಸಿಕ್ಕಿತ್ತು. ಬಸ್ಸಿನಲ್ಲಿ ಮಕ್ಕಳು ದನಿ ಕೇಳಿ ತಿರುಗಿ ನೋಡುತ್ತಿದ್ದರು. ಅದನ್ನು ನನಗೆ ಹೇಳುವಾಗ ಮೇಷ್ಟ್ರ ಮುಖ ನೋಡಬೇಕಿತ್ತು.

ಎಪ್ಪತ್ತಾರನೇ ಕಂತಿನ ಹೊತ್ತಿಗೆ ಎಲ್ಲ ಕೆಟ್ಟಿತು. ಅದೇ ತಿಂಗಳು ಧಾರಾವಾಹಿ ಕೊಂಡುತಂದ ಕಂಪನಿಯವರು ಗುಬ್ಬಿಯನ್ನು ಅದರ ಡಬ್ಬಿಂಗ್ ಉಸ್ತುವಾರಿ ಮಾಡಿದ್ದರು. ಅಂದರೆ ಇನ್ನು ಮೇಲೆ ಯಾವ ಟೇಕ್ ಸರಿ, ಯಾವುದು ಸರಿಯಿಲ್ಲ ಎಂದು ಹೇಳುವವಳು ಅವಳು. ಮಾರನೇ ವಾರ ಮೇಷ್ಟ್ರು ಎಲ್ಲರೆದುರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು:

"ನಿನ್ನ ಜೊತೆ ನಿಂತು ಹೇಳೋಕೆ ನನ್ ಕೈಲಾಗಲ್ಲ. ನಿಂದು ನೀನು ಹೇಳಿ ಹೋಗು. ನಂದು ನಾನು ಆಮೇಲೆ ಒಬ್ನೇ ಹೇಳ್ಕೋತೀನಿ."

ಗುಬ್ಬಿ ಅಲ್ಲೇ ಬಿಳಿಚಿಕೊಂಡಳು. ಅವಳ ಬಡ್ತಿ ಮೇಷ್ಟ್ರಿಗೆ ಹೊಟ್ಟೆಕಿಚ್ಚು ತಂದಿದೆ ಎಂದು ಸ್ಟುಡಿಯೋದಲ್ಲಿ ಗುಸುಗುಸು ಎದ್ದಿತು. ಅವಳೂ ಹಾಗೇ ತಿಳಿದಳು. ಅವರ ಮನೆಗೆ ಹೋಗುವುದು ನಿಂತಿತು. 'ಮೇಷ್ಟ್ರೇ' ಎನ್ನುತ್ತಿದ್ದವಳು 'ಸರ್' ಎನ್ನತೊಡಗಿದಳು. ಮೇಷ್ಟ್ರು ಗಾಜಿನ ಆಚೆ, ಅವಳು ನನ್ನ ಪಕ್ಕದ ಕುರ್ಚಿಯಲ್ಲಿ. ಅವಳು ಗುಂಡಿ ಒತ್ತಿ ಮೈಕಿನಲ್ಲಿ ಏನಾದರೂ ಹೇಳಿದರೆ ಮೇಷ್ಟ್ರು ಕಾಗದ ನೋಡುತ್ತ ಸುಮ್ಮನಿರುತ್ತಿದ್ದರು. ಅದನ್ನೇ ನಾನು ಹೇಳಿದರೆ ತಲೆಯಾಡಿಸುತ್ತಿದ್ದರು.

"ನೋಡಿದ್ಯಾ ಅಣ್ಣ? ನಾನಂದ್ರೆ ಅವರಿಗೆ ಲೆಕ್ಕಕ್ಕೇ ಇಲ್ಲ" ಎನ್ನುತ್ತಿದ್ದಳು.

ನಾನು ಏನೂ ಹೇಳುತ್ತಿರಲಿಲ್ಲ. ಯಾಕೆ ಹೇಳುತ್ತಿರಲಿಲ್ಲ ಎಂಬುದನ್ನು ಈಗ ಹೇಳಿಬಿಡುತ್ತೇನೆ. ನನಗೆ ಗೊತ್ತಿತ್ತು.

ಅದಕ್ಕೂ ಎರಡು ತಿಂಗಳ ಹಿಂದೆ ಒಂದು ಭಾನುವಾರ ಕೆಲವು ಕಾಗದ ಕೊಡಲು ಅವರ ಮನೆಗೆ ಹೋಗಿದ್ದೆ. ಕರೆಗಂಟೆ ಒತ್ತಿದರೆ ಸದ್ದೇ ಇಲ್ಲ. ಕಿಟಕಿಯಲ್ಲಿ ಇಣುಕಿ ಮತ್ತೊಮ್ಮೆ ಒತ್ತಿದೆ. ಒಳಗೆ ಗೋಡೆಯ ಮೇಲೆ ಒಂದು ಕೆಂಪು ಬಲ್ಬು ಹತ್ತಿತು, ಅದನ್ನು ನೋಡಿ ಮೇಷ್ಟ್ರು ಎದ್ದು ಬಂದರು. ಅವರ ಹೆಂಡತಿ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟರು. "ನಾನು ಕರೆದ್ರೆ ತಿರುಗಲ್ಲಪ್ಪ. ಮಿಷನ್ ತುಳಿಯೋದು ನಿಲ್ಲಿಸಿದ್ರೆ ತಿರುಗ್ತಾರೆ. ನೆಲ ಅದುರೋದು ನಿಲ್ಲುತ್ತಲ್ಲ, ಅದಕ್ಕೆ. ಗುಬ್ಬಿ ಬಂದಾಗ ಬಲ್ಬಿಗೆ ಬಟ್ಟೆ ಹೊದಿಸಿ, ಮಾತೆಲ್ಲ ನಾನೇ ಆಡ್ತೀನಿ." ಮೇಷ್ಟ್ರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಕಿವಿಯಂತ್ರ ಇದೆ, ಆದರೆ ಅದರ ಮೇಲೆ ಹೆಡ್‌ಫೋನ್ ಹಾಕಿದರೆ ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ, ಮೈಕಿಗೆ ಬೀಳುತ್ತದೆ ಎಂದರು. ನನ್ನ ಹಾಗೆ ಗಡಸು ದನಿಯವರು ಮಾತಾಡಿದರೆ ಅರ್ಧಂಬರ್ಧ ಕೇಳಿಸುತ್ತದೆ. ಸಣ್ಣ ದನಿ, ಮೇಲಿನ ದನಿ ಮೊದಲು ಹೋಯಿತು.

"ಎಲ್ರಿಗಿಂತ ಮುಂಚೆ ಹೋಗಿದ್ದು ಗುಬ್ಬಿ ದನಿ" ಎಂದರು. "ಅವಳ ತುಟಿ ಅಲುಗೋದು ಕಾಣ್ಸುತ್ತೆ. ದನಿ ಇಲ್ಲ. ಇದನ್ನ ಅವಳಿಗೆ ಹೇಳಿದ್ರೆ ನಿನ್ನ ಮುಖ ನೋಡಲ್ಲ ನಾನು."

ನಾನು ಮಾತು ಕೊಟ್ಟೆ. ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಹಾಗಿದ್ದರೆ ಅವರು ಇಷ್ಟು ದಿನ ಹೇಗೆ ಡಬ್ ಮಾಡಿದರು? ಕಣ್ಣಿನಿಂದ. ಹುಡುಗ ಮಾತಾಡುವಾಗ ಪರದೆಯ ಮೇಲೆ ಅವನ ಬಾಯಿ ತೆರೆದು ಮುಚ್ಚುತ್ತದೆ. ಅದು ಮುಚ್ಚಿದ ತಕ್ಷಣ ಮೇಷ್ಟ್ರು ಶುರು ಮಾಡುತ್ತಿದ್ದರು. ಗುರುವಿನ ಮುಖಕ್ಕೆ ಬಟ್ಟೆ ಕಟ್ಟಿರುವುದರಿಂದ ಅವನ ತುಟಿಗೆ ಹೊಂದಿಸುವ ತಾಪತ್ರಯವೂ ಇರಲಿಲ್ಲ. ಹೆಡ್‌ಫೋನಿನ ದನಿಯನ್ನು ಮಾತ್ರ ಕೊನೆಯ ಮಟ್ಟಕ್ಕೆ ಏರಿಸಿಕೊಳ್ಳುತ್ತಿದ್ದರು, ಏನಾದರೂ ಒಂದು ಚೂರು ಕೇಳಿಸಲಿ ಎಂದು. ಅದು ಸೋರಿ ಮೈಕಿಗೆ ಬೀಳುತ್ತಿತ್ತು. ನಾನು ಆಮೇಲೆ ಕೂತು, ಯಾರಿಗೂ ಗೊತ್ತಾಗದ ಹಾಗೆ ಅದನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಿದ್ದೆ. ಹನ್ನೊಂದು ಕಂತು ಹೀಗೆ ದಾಟಿದವು.

ಎಂಬತ್ತೆಂಟನೇ ಕಂತು ನಮ್ಮನ್ನು ಹಿಡಿದುಹಾಕಿತು.

ಆ ಕಂತಿನಲ್ಲಿ ಶತ್ರುಗಳ ವಿಷದ ಹೊಗೆ ಗುರುವಿನ ಮೈಗೆ ಸೇರುತ್ತದೆ. ಹತ್ತಿರ ಬಂದವರಿಗೂ ಅಂಟುವ ವಿಷ. ಗುರು ಕಲ್ಲಿನ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಹುಡುಗ ಹೊರಗೆ ಕೂರುತ್ತಾನೆ. ಅವನು ಬದುಕಿಕೊಳ್ಳಲಿ ಎಂದು ಗುರು ಒಳಗಿನಿಂದ ಬಾಯಿಗೆ ಬಂದ ಹಾಗೆ ಬೈದು ಓಡಿಸಲು ನೋಡುತ್ತಾನೆ. ಮೂರು ನಿಮಿಷ ಹತ್ತು ಸೆಕೆಂಡು ಪರದೆಯ ಮೇಲೆ ಇರುವುದು ಮುಚ್ಚಿದ ಬಾಗಿಲು ಮತ್ತು ಹುಲ್ಲಿನ ಕಂಬಳಿ ಹೊದ್ದ ಹುಡುಗನ ಬೆನ್ನು. ಚಿತ್ರ ಬಿಡಿಸುವವರು ಆ ವಾರ ರಜೆಯಲ್ಲಿದ್ದರೋ ಏನೋ. ಬೇರೆ ಯಾರಿಗಾದರೂ ಇದು ಪುಕ್ಕಟೆ ದೃಶ್ಯ. ತುಟಿಯೇ ಇಲ್ಲವಲ್ಲ, ಹೊಂದಿಸುವುದೇನು?

ಕಾಗದ ನೋಡಿದ ಕೂಡಲೇ ನಾನು ದೃಶ್ಯವನ್ನು ಎರಡು ಸಲ ಓಡಿಸಿ ನೋಡಿದೆ. ಇಡೀ ದೃಶ್ಯದಲ್ಲಿ ಒಂದು ಬಾಯಿಯೂ ಇರಲಿಲ್ಲ.

ಕಂತು ಕಂಪನಿಗೆ ಹೋಗಬೇಕಿದ್ದ ದಿನ ಬಂತು, ಸಂಜೆ ಐದಕ್ಕೆ ಗಡುವು. ಹಿಂದಿನ ಮೂರು ದಿನ ಮೇಷ್ಟ್ರು ಆ ದೃಶ್ಯವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಗಿಸಿದ್ದರು, ಗಂಟಲು ಸರಿಯಿಲ್ಲ, ಆಮೇಲೆ ಎಂದು ಮುಂದೂಡುತ್ತ. ಕಂಪನಿಯ ಸಂಯೋಜಕಿ ಬೆಳಗ್ಗೆಯೇ ಫೋನ್ ಮಾಡಿದ್ದಳು. ಇವತ್ತು ಆಗದಿದ್ದರೆ ಈ ಕಂತೂ, ಮುಂದಿನ ಹನ್ನೆರಡು ಕಂತೂ ಬೇರೆ ದನಿಯಲ್ಲಿ. ವಿಷ ಏರಿದರೂ ಗುರು ಸಾಯುವುದಿಲ್ಲ, ಕೊನೆಯ ಕಂತಿನವರೆಗೂ ಇರುತ್ತಾನೆ. ಆ ಬೇರೆ ದನಿ ಮಧ್ಯಾಹ್ನ ಮೂರಕ್ಕೆ ಬಂದು ಹೊರಗಿನ ಸೋಫಾದಲ್ಲಿ ಕೂತಿತು. ಒಳ್ಳೆಯ ಮನುಷ್ಯ, ಜಾಹೀರಾತುಗಳಿಗೆ ಮಾತಾಡುವವರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಗುಬ್ಬಿಯ ಮುಂದೆ ಒಂದು ಹಾಳೆ ಇತ್ತು. 'ಗುರುವಿನ ಪಾತ್ರ, ಮುಂದುವರಿಕೆ ಅಥವಾ ಬದಲಾವಣೆ' ಎಂಬ ಸಾಲಿನ ಕೆಳಗೆ ಅವಳು ಬರೆದು ಸಹಿ ಹಾಕಬೇಕಿತ್ತು.

ಮೊದಲನೇ ಟೇಕ್ ಶುರುವಾಯಿತು. ಗುಬ್ಬಿ ತನ್ನ ಮಾತುಗಳನ್ನು ವಾರದ ಹಿಂದೆಯೇ ಹೇಳಿ ಮುಗಿಸಿದ್ದಳು. ಅವು ಮೇಷ್ಟ್ರ ಹೆಡ್‌ಫೋನಿನಲ್ಲಿ ಓಡುತ್ತವೆ, ಅವುಗಳ ನಡುವೆ ಇವರು ತಮ್ಮದನ್ನು ಹೇಳಬೇಕು.

"ನಿನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು. ಬೆಟ್ಟ ಇಳಿದು ಹೋಗು" ಎಂದರು ಮೇಷ್ಟ್ರು. ಎಂಥ ದನಿ ಅದು! ಆದರೆ ಹುಡುಗ 'ಹೋಗಲ್ಲ' ಎನ್ನುವ ಮೊದಲೇ ಅವರ ಎರಡನೇ ಮಾತು ಬಂದುಬಿಟ್ಟಿತು. ಎರಡನೇ ಟೇಕಿನಲ್ಲಿ ಹುಡುಗ ಹೇಳಿ ಮುಗಿಸಿ ನಾಲ್ಕು ಸೆಕೆಂಡ್ ಆದರೂ ಇವರು ಕಾಯುತ್ತಲೇ ಇದ್ದರು. ಮೂರನೆಯದರಲ್ಲಿ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದವು. ಗುಬ್ಬಿ ಪಕ್ಕದಲ್ಲೇ ಕೂತಿದ್ದಳು, ನಾನು ಕೈಸನ್ನೆ ಮಾಡುವ ಹಾಗೂ ಇರಲಿಲ್ಲ.

"ಸರ್, ಹುಡುಗನ ಮಾತು ಮುಗೀಲಿ, ಆಮೇಲೆ ಹೇಳಿ" ಎಂದಳು ಗುಬ್ಬಿ ಗುಂಡಿ ಒತ್ತಿ.

ಮೇಷ್ಟ್ರು ಹಾಳೆ ತಿರುಗಿಸಿದರು.

"ಸರ್, ನಾನು ಹೇಳಿದ್ದು ಕೇಳಿಸ್ತಾ?"

ಅವರು ಇನ್ನೊಂದು ಹಾಳೆ ತಿರುಗಿಸಿದರು. ನಾನು ಗುಂಡಿ ಒತ್ತಿ ಅದನ್ನೇ ಹೇಳಿದೆ. ಮೇಷ್ಟ್ರು ಕೈ ಎತ್ತಿ ಆಗಲಿ ಎಂದರು. ಗುಬ್ಬಿ ಪೆನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು.

ಆರು, ಏಳು, ಎಂಟು. ಒಂಬತ್ತನೇ ಟೇಕಿಗೆ ಮೇಷ್ಟ್ರು ಪರದೆಯ ಮೂಲೆಯಲ್ಲಿ ಓಡುವ ಸಮಯದ ಅಂಕಿಗಳನ್ನು ನೋಡಿಕೊಂಡು ಹೇಳಿದರು. ಈ ಸಲ ಒಂದು ಮಾತೂ ತಪ್ಪಲಿಲ್ಲ. ಆದರೆ ಕಣ್ಣು ಅಂಕಿಯ ಮೇಲಿದ್ದರೆ ಮಾತು ಅಂಕಿಯ ಹಾಗೇ ಬರುತ್ತದೆ. ಸಾಯುತ್ತಿರುವ ಗುರು ನೀರಿನ ದೂರಿಗೆ ಉತ್ತರ ಬರೆಯುತ್ತಿದ್ದ ಹಾಗಿತ್ತು. ಅದು ಅವರಿಗೂ ಗೊತ್ತಾಯಿತು. ಹೆಡ್‌ಫೋನ್ ತೆಗೆದು ಹಣೆ ಒರೆಸಿಕೊಂಡು, "ಇದು ಬೇಡ, ಇನ್ನೊಂದ್ಸಲ" ಎಂದರು. ಹತ್ತನೆಯದರಲ್ಲಿ ಮತ್ತೆ ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು.

ಗಂಟೆ ನಾಲ್ಕಾಯಿತು. ಮೇಲೆ ಯಾರೋ ಟಯರ್ ಉರುಳಿಸಿದರು, ನಾನು ಬೈಯಲೂ ಇಲ್ಲ. ಸಂಯೋಜಕಿಯ ಫೋನ್ ಬಂತು. "ಸಾರ್, ಹೊರಗೆ ಕೂತಿರೋರನ್ನ ಒಳಗೆ ಕಳಿಸಿ, ಅರ್ಧ ಗಂಟೇಲಿ ಮುಗಿಸಿಕೊಡ್ತಾರೆ." ಗುಬ್ಬಿ ಫೋನ್ ಕಸಿದುಕೊಂಡು "ಹತ್ತು ನಿಮಿಷ ಕೊಡಿ" ಎಂದು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಬೇಕಂತಲೇ ಮಾಡ್ತಿದಾರೆ ಅಣ್ಣ. ನನ್ನ ದನಿ ಬಂದ ಕಡೆಯೆಲ್ಲ ತಪ್ಪಿಸ್ತಿದಾರೆ. ನಾನು ಉಸ್ತುವಾರಿ ಆಗಿದ್ದನ್ನ ಅವರ ಕೈಲಿ ನುಂಗೋಕಾಗ್ತಿಲ್ಲ. ಪಾತ್ರ ಹಾಳಾದ್ರೂ ಚಿಂತೆ ಇಲ್ಲ, ನನ್ನ ಜೊತೆ ಮಾತ್ರ ಬೇಡ. ಇಪ್ಪತ್ತೆರಡು ವರ್ಷ ಅಣ್ಣ! ಅಪ್ಪ ಅನ್ಕೊಂಡಿದ್ದೆ."

ಹಾಳೆ ಎಳೆದುಕೊಂಡು 'ಬದಲಾವಣೆ' ಎಂದು ಬರೆಯಲು ಶುರು ಮಾಡಿದಳು. 'ಬ' ಬರೆದಾಗಿತ್ತು.

ಗಾಜಿನಾಚೆ ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಬಾಗಿಲ ಚಿತ್ರವನ್ನೇ ನೋಡುತ್ತಿದ್ದರು. ಅದರಲ್ಲಿ ಎಲ್ಲಾದರೂ ಒಂದು ಬಾಯಿ ಕಂಡೀತೇ ಎಂದು ಹುಡುಕುತ್ತಿದ್ದ ಹಾಗಿತ್ತು. ನಾನು ಕೊಟ್ಟ ಮಾತು ನೆನಪಾಯಿತು. ಈ ಮುದುಕನ ಮೇಲೆ, ಈ ಹುಡುಗಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಷ್ಟು ತಿಂಗಳು ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡು ಕೂತ ನನ್ನ ಮೇಲೆ ನನಗೆ ಸಿಟ್ಟು ಬಂತು.

"ಗುಬ್ಬಿ, ಪೆನ್ನು ಕೆಳಗಿಡು. ಒಂದು ಕೇಳಿಸ್ತೀನಿ" ಎಂದೆ.

ಆಗಲೇ ಮುಗಿದಿದ್ದ ಹತ್ತನೇ ಟೇಕನ್ನು ಮತ್ತೆ ತೆರೆದೆ. ಮಿಕ್ಕ ಸದ್ದುಗಳನ್ನೆಲ್ಲ ಮುಚ್ಚಿ ಮೇಷ್ಟ್ರ ಮೈಕಿನದೊಂದನ್ನೇ ಉಳಿಸಿ, ದನಿ ಏರಿಸಿ, ಅವರು ಮಾತಾಡದೆ ಸುಮ್ಮನಿರುವ ಜಾಗದಲ್ಲಿ ಓಡಿಸಿದೆ. ಆ ಜಾಗದಲ್ಲಿ ಏನೂ ಇರಬಾರದು. ಅಲ್ಲಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಒಂದು ಸಣ್ಣ ದನಿ ಕಿರುಚುತ್ತಿತ್ತು: 'ಹೋಗಲ್ಲ! ನಾನು ಹೋಗಲ್ಲ!'

"ಇದು ನಂದು" ಎಂದಳು.

"ಹೂಂ. ಅವರ ಹೆಡ್‌ಫೋನಿಂದ ಸೋರಿದ್ದು. ಎಷ್ಟು ಜೋರಾಗಿಟ್ಟಿದಾರೆ ನೋಡು. ನಾನು ನೀನು ಹಾಕ್ಕೊಂಡ್ರೆ ಕಿವಿ ಹರಿದುಹೋಗುತ್ತೆ."

"ಅಷ್ಟು ಜೋರಾಗಿ ಕೇಳಿದ್ರೂ..." ಎಂದವಳು ಮಾತು ಅರ್ಧಕ್ಕೇ ಬಿಟ್ಟಳು. ನಾನು ಅವಳ ಮುಖ ನೋಡುತ್ತಿದ್ದೆ. ಒಂದೊಂದೇ ತಿಂಗಳು ಅವಳ ಕಣ್ಣ ಮುಂದೆ ಹಿಂದಕ್ಕೆ ಹೋಗುತ್ತಿದ್ದದ್ದು ಕಾಣುತ್ತಿತ್ತು.

"ಎಷ್ಟು ದಿನದಿಂದ?"

"ಒಂದು ವರ್ಷದ ಮೇಲಾಯ್ತು. ಮೊದಲು ಹೋಗಿದ್ದು ನಿನ್ನ ದನೀನೇ ಅಂತೆ. ಪಕ್ಕ ನಿಂತ್ರೆ ನಿನಗೆ ಗೊತ್ತಾಗಿಬಿಡುತ್ತೆ ಅಂತಲೇ ನಿನ್ನ ಜೊತೆ ನಿಲ್ಲಲ್ಲ ಅಂದಿದ್ದು. ಹೇಳಬೇಡ ಅಂತ ನನ್ನಿಂದ ಮಾತು ತಗೊಂಡಿದ್ರು."

ಅವಳು ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೂ ನಾನು ಸುಮ್ಮನಿರುತ್ತಿದ್ದೆ. ಅವಳು ಎದ್ದು, ದಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಮೈಕು ತೆರೆದೇ ಇದ್ದುದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

ಮೇಷ್ಟ್ರು ತಲೆಯೆತ್ತಿದರು. "ನೀನ್ಯಾಕೆ ಬಂದೆ? ಆಚೆ ಹೋಗು. ಟೇಕ್ ನಡೀತಿದೆ."

ಅವಳು ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ ಅವರೆದುರು, ಪರದೆಗೆ ಬೆನ್ನು ಹಾಕಿ ನಿಂತಳು. ಇಬ್ಬರ ನಡುವೆ ಮೈಕು ಮಾತ್ರ. "ಮೇಷ್ಟ್ರೇ" ಎಂದಳು. ಮೈಕಿನ ಮೇಲಿನ ದೀಪದ ಬೆಳಕು ಅವಳ ಮುಖದ ಮೇಲೇ ಬೀಳುತ್ತಿತ್ತು. ಅವರು ಅವಳ ತುಟಿ ನೋಡಿದರು, ಆಮೇಲೆ ಕಣ್ಣು ನೋಡಿದರು, ಆಮೇಲೆ ತಿರುಗಿ ಗಾಜಿನ ಮೂಲಕ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವ ಹಾಗಿಲ್ಲ. ನಾನು ತಲೆ ತಗ್ಗಿಸಿದೆ.

"ಕಿವಿಯಪ್ಪ ಹೇಳಿದ್ನಾ?" ಎಂದರು. "ಸರಿ. ಗೊತ್ತಾಯ್ತಲ್ಲ, ಹೊರಗೆ ಕೂತಿರೋರನ್ನ ಕರಿ. ಕಿವುಡನ್ನ ಇಟ್ಕೊಂಡು ಏನ್ಮಾಡ್ತೀಯಾ? ನಿನ್ನ ಕೆಲಸಕ್ಕೂ ಕುತ್ತು ತರ್ತೀನಿ ನಾನು. ಹೋಗು."

"ಹೋಗಲ್ಲ" ಎಂದಳು ಗುಬ್ಬಿ.

ಅದು ಕಾಗದದಲ್ಲಿದ್ದ ಮಾತೇ. ಅವಳು ಬೇಕೆಂದು ಹೇಳಿದಳೋ ತಾನಾಗಿ ಬಾಯಿಗೆ ಬಂತೋ ಅವಳೇ ಬಲ್ಲಳು. ಈ ನಿಂಜಾ ಕಥೆ ಬರೆದ ಆ ದೂರದ ಮನುಷ್ಯನಿಗೆ ನಮ್ಮ ಮನೆಯ ವಿಷಯ ಯಾರು ಹೇಳಿದರಪ್ಪಾ ಎಂದು ನನಗೆ ಅನ್ನಿಸಿತು.

ಅವಳು ಕೈಚಾಚಿ ಮೇಷ್ಟ್ರ ತಲೆಯ ಮೇಲಿದ್ದ ಹೆಡ್‌ಫೋನ್ ತೆಗೆದಳು. ತನ್ನ ಕಿವಿಗೆ ಹಾಕಿಕೊಂಡು, ಒಮ್ಮೆ ಚಿತ್ರ ಓಡಿಸು ಎಂದು ನನಗೆ ಸನ್ನೆ ಮಾಡಿದಳು. ನಾನು ಓಡಿಸಿದ ಕೂಡಲೇ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಕಿತ್ತು ಹಿಡಿದಳು. ಅಷ್ಟು ಜೋರು. ಕಣ್ಣು ತುಂಬಿಕೊಂಡು, ಗುಂಡಿಯನ್ನು ತಿರುಗಿಸಿ ತಿರುಗಿಸಿ ಇಳಿಸಿದಳು. ಈಗ ಅದು ಸೋರುವುದಿಲ್ಲ. ತನ್ನ ಹಳೆಯ ಮಾತು ಅವಳೊಬ್ಬಳಿಗೇ ಮೆಲ್ಲಗೆ ಕೇಳಿಸುತ್ತದೆ.

"ಮೇಷ್ಟ್ರೇ, ನನ್ನ ಬಾಯಿ ನೋಡಿ" ಎಂದು ತನ್ನ ತುಟಿ ಮುಟ್ಟಿ ತೋರಿಸಿದಳು.

ಗಂಟೆ ನಾಲ್ಕು ಇಪ್ಪತ್ತು. ಮೇಷ್ಟ್ರು ಸ್ಟೂಲಿನಿಂದ ಇಳಿದು ನೆಟ್ಟಗೆ ನಿಂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು.

ಹನ್ನೊಂದನೇ ಟೇಕ್. ಕಾಗದ ಬೇಕಿರಲಿಲ್ಲ, ಹತ್ತು ಸಲ ಹೇಳಿ ಮಾತೆಲ್ಲ ಬಾಯಿಪಾಠವಾಗಿತ್ತು.

"ನಿನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು. ಬೆಟ್ಟ ಇಳಿದು ಹೋಗು."

ಗುಬ್ಬಿಯ ಬಾಯಿ ತೆರೆಯಿತು, ಮುಚ್ಚಿತು. ಕತ್ತಿನ ನರ ಉಬ್ಬಿತು. ನನ್ನ ಮುಂದಿನ, ದನಿ ಅಳೆಯುವ ಮೀಟರ್ ಮಾತ್ರ ಅಲುಗಲಿಲ್ಲ. ಆಮೇಲೆ ಹೊಳೆಯಿತು: ಅವಳು ದನಿ ಹೊರಡಿಸುತ್ತಿಲ್ಲ. ದನಿ ತೆಗೆದರೆ ಅದು ಮೇಷ್ಟ್ರ ಮೈಕಿಗೆ ಬಿದ್ದು ಅವರ ಮಾತು ಹಾಳಾಗುತ್ತದೆ. ಅದಕ್ಕೆ ಬರೀ ತುಟಿ ಆಡಿಸುತ್ತಿದ್ದಾಳೆ, ಉಸಿರು ಕೂಡ ಸದ್ದಾಗದ ಹಾಗೆ ಬಿಗಿಹಿಡಿದು.

"ನಿನ್ನ ಮುಖ ನೋಡೋಕೆ ನನಗಿಷ್ಟ ಇಲ್ಲ."

'ಬಾಗಿಲು ಮುಚ್ಚಿದೆ, ಹೇಗೂ ಕಾಣಲ್ಲ' ಎಂದಿತು ಅವಳ ತುಟಿ.

"ನಾನು ಸತ್ರೂ ಬಾಗಿಲು ತೆಗೀಬೇಡ. ನಿನ್ನಂಥೋನು ನನ್ನ ಶಿಷ್ಯ ಅಂತ ಯಾರ ಹತ್ರಾನೂ ಹೇಳ್ಬೇಡ."

ಅವಳು ಏನೋ ಹೇಳಿದಳು. ನನ್ನ ಕೋಣೆಯಲ್ಲಿ ಮೇಷ್ಟ್ರ ದನಿ ಒಂದೇ, ನಡುನಡುವೆ ನಿಶ್ಶಬ್ದ, ಮತ್ತೆ ಅವರ ದನಿ. ಒಂದು ಕಡೆಯೂ ಅವರು ಮೊದಲೇ ಬರಲಿಲ್ಲ, ತಡವೂ ಆಗಲಿಲ್ಲ. ಅವಳ ತುಟಿ ಮುಚ್ಚಿದರೆ ಇವರದು ತೆರೆಯುತ್ತಿತ್ತು. ನಾನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಮೇಲೆ ಒಂದೇ ಒಂದು ಟಯರ್ ಉರುಳಿದರೆ ಅವತ್ತು ಕೊಲೆ ಮಾಡುತ್ತಿದ್ದೆ. ಎರಡು ನಿಮಿಷ. ಎರಡೂವರೆ. ದೃಶ್ಯದ ಕೊನೆಯಲ್ಲಿ ಗುರುವಿನ ಶಕ್ತಿ ಉಡುಗುತ್ತದೆ. ಬೈಗುಳ ಮುಗಿದಿರುತ್ತವೆ.

"ಇನ್ನೂ ಇದೀಯಾ?" ಎಂದರು ಮೇಷ್ಟ್ರು.

ತುಟಿ ಅಲುಗಿತು: ಇದೀನಿ.

"ಇನ್ನೂ ಇದೀಯಾ?"

ಇದೀನಿ.

ಮೂರನೇ ಸಲ ಅವರು ಅದನ್ನು ಕೇಳಿದ ರೀತಿಯನ್ನು ಯಾವ ಕಾಗದದಲ್ಲೂ ಬರೆಯಲು ಬರುವುದಿಲ್ಲ. ಗುಬ್ಬಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮೂಗು ಎಳೆದರೆ ಸದ್ದಾದೀತೆಂದು ಅವಳು ಅದನ್ನೂ ತಡೆದಿದ್ದಳು. ತುಟಿ ಮತ್ತೆ ಅಲುಗಿತು. ಬಾಗಿಲಿನ ಚಿತ್ರ ಮುಗಿದು ಪರದೆ ಕಪ್ಪಾಯಿತು.

ಫೋನ್ ಅರಚಿಕೊಂಡಿತು. "ಆಯ್ತು" ಎಂದೆ ಸಂಯೋಜಕಿಗೆ. "ಮೇಷ್ಟ್ರದೇ ದನಿ. ಐದಕ್ಕೆ ಮುಂಚೆ ಕಳಿಸ್ತೀನಿ." ಗುಬ್ಬಿ ಈಚೆ ಬಂದು, ಹಾಳೆಯಲ್ಲಿ ತಾನು ಬರೆದಿದ್ದ 'ಬ'ವನ್ನು ಹೊಡೆದುಹಾಕಿ 'ಮುಂದುವರಿಕೆ' ಎಂದು ಬರೆದಳು. ಅದರ ಕೆಳಗೆ, 'ಗುರುವಿನ ಪಾತ್ರದ ಕಲಾವಿದರಿಗೆ ಕಿವಿ ಕೇಳಿಸುವುದಿಲ್ಲ, ಪ್ರತಿ ಕಂತಿಗೂ ಶಿಷ್ಯೆ ಎದುರು ನಿಲ್ಲುತ್ತಾಳೆ' ಎಂದೂ ಬರೆದು ಸಹಿ ಹಾಕಿದಳು. ಕಂಪನಿಯವರು ಅದಕ್ಕೆ ಏನೆನ್ನುತ್ತಾರೋ ನನಗೆ ಆಗ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಸಹಿ ಮಾತ್ರ ಗಟ್ಟಿಯಾಗಿ ಹಾಕಿದಳು. ಹೊರಗೆ ಕೂತವರಿಗೆ ಹೋಗಿ ಕೈಮುಗಿದು ಬಂದಳು, ಮತ್ತೆ ನೇರ ಮೇಷ್ಟ್ರ ಬಳಿ ಹೋದಳು.

ಮೇಷ್ಟ್ರು ನೀರು ಕುಡಿದು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಏನೋ ಇತ್ತು. ಬಸ್ಸಿನಲ್ಲಿ ಮಕ್ಕಳು ತಿರುಗಿ ನೋಡಿದ್ದನ್ನು ಹೇಳುವಾಗ ಕೂಡ ನಾನು ಅದನ್ನು ಕಂಡಿರಲಿಲ್ಲ.

"ಗುಬ್ಬಿ," ಎಂದರು, "ಹೆಡ್‌ಫೋನಲ್ಲಿ ಎಷ್ಟು ಏರಿಸಿದ್ರೂ ಬರ್ತಿರಲಿಲ್ಲ ಕಣೆ. ಎದುರಿಗೆ ನಿಂತು ಹೇಳಿದ್ಯಲ್ಲ, ಇವತ್ತು ಕೇಳಿಸ್ತು. ನಿನ್ನ ದನಿ ಪೂರ್ತಿ ಕೇಳಿಸ್ತು. ಹಾಗೇ ಇದೆ, ಒಂಚೂರೂ ಬದಲಾಗಿಲ್ಲ. ಕೊನೇ 'ಇದೀನಿ' ಮಾತ್ರ ಒಡೀತು, ಅದನ್ನ ಇನ್ನೊಂದ್ಸಲ ಹೇಳಿಸ್ಬೇಕು ನಿನ್ನ ಹತ್ರ."

ಗುಬ್ಬಿ ಬಾಯಿ ತೆರೆದಳು. ಈಗ ಮಾತಾಡಿದರೆ ಹಾಳಾಗುವ ಟೇಕ್ ಯಾವುದೂ ಇರಲಿಲ್ಲ, ಆದರೂ ಅವಳಿಂದ ಮಾತು ಹೊರಡಲಿಲ್ಲ. ಹೌದೆಂದು ತಲೆಯಾಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

ಮೇಷ್ಟ್ರು ಗಾಜಿನ ಕಡೆ ತಿರುಗಿದರು. ನನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಕೆಲಸದ ಮನುಷ್ಯ, ಕೆಲಸದ ಮಾತು ಬಿಡಲಾರರು.

"ಕಿವಿಯಪ್ಪ, ಅವಳ ಮಾತೆಲ್ಲ ನನ್ನ ಮೈಕಿಗೆ ಬಿದ್ದಿರುತ್ತೆ. ನಿನಗೆ ಕೆಲಸ ಜಾಸ್ತಿ ಆಯ್ತು. ನಿಧಾನಕ್ಕೆ ಕೂತು ತೆಗೆದುಬಿಡು."

ನಾನು ಬೆಳಕಿಗೆ ಮುಖ ತಂದು, ತುಟಿ ಕಾಣುವ ಹಾಗೆ, "ತೆಗೀತೀನಿ ಮೇಷ್ಟ್ರೇ" ಎಂದೆ. ಅವರು ಗುಬ್ಬಿಯ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದ ಮೇಲೆ ಹನ್ನೊಂದನೇ ಟೇಕ್ ತೆರೆದು, ದನಿ ಪೂರ್ತಿ ಏರಿಸಿ, ಅವರು ಸುಮ್ಮನಿದ್ದ ಜಾಗಗಳನ್ನೆಲ್ಲ ಒಂದೂ ಬಿಡದೆ ಕೇಳಿದೆ. ತೆಗೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.